ಅರವತ್ತರ ನಂತರ ನನ್ನ ತಟ್ಟೆ, ನನ್ನ ಮಾತು

ಅರವತ್ತು ದಾಟಿದ ಮೇಲೆ ನಾನು ಮೊದಲು ಬದಲಾಯಿಸಿದ್ದು ಬೆಳಗಿನ ತಿಂಡಿಯನ್ನು. ವಯಸ್ಸಾದವರು ಕಮ್ಮಿ ತಿನ್ನಬೇಕು ಅಂತ ಎಲ್ಲರೂ ಹೇಳುತ್ತಾರೆ. ಉಪ್ಪು, ಸಕ್ಕರೆ, ಎಣ್ಣೆಯ ಮಟ್ಟಿಗೆ ಅದು ನಿಜ. ಪ್ರೋಟೀನ್ ಮಾತ್ರ ಮೊದಲಿಗಿಂತ ಜಾಸ್ತಿನೇ ಬೇಕು. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತಾದ ಮೇಲೆ ಇನ್ನೂ ಬೇಗ. ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೋಟೀನ್ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ ತಜ್ಞರು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ನಾನು ಪ್ರೋಟೀನನ್ನು ರಾತ್ರಿ ಊಟಕ್ಕೆ ಬಿಡದೆ ಮೂರು ಹೊತ್ತಿಗೂ ಹಂಚಿಕೊಂಡೆ. ಬೆಳಿಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು. ಅಲ್ಲಿಗೇ ಸುಮಾರು 18 ಗ್ರಾಂ ಆಯಿತು. ಮಧ್ಯಾಹ್ನ ಬೇಳೆಕಾಳು, ಜೊತೆಗೆ ಕೈತುಂಬ ತರಕಾರಿ. ಬಾಯಾರಿಕೆಯನ್ನು ನಂಬಿ ಕೂರುವುದಿಲ್ಲ, ವಯಸ್ಸಾದಂತೆ ಅದು ಸರಿಯಾಗಿ ಗೊತ್ತಾಗುವುದಿಲ್ಲ. ನೀರಿನ ಜಗ್ ಕಣ್ಣೆದುರಿಗೇ ಇರುತ್ತದೆ.

ತಿಂದಿದ್ದು ಸುಮ್ನೆ ಸ್ನಾಯು ಆಗುವುದಿಲ್ಲ, ಅಲ್ವಾ? ಅದಕ್ಕೆ ಕೆಲಸ ಕೊಡಬೇಕು. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ ಏಳುತ್ತೇನೆ. ಕೂರುವಾಗ ಧಪ್ಪನೆ ಬೀಳದೆ ನಿಧಾನಕ್ಕೆ ಇಳಿಯುತ್ತೇನೆ. ಹಾಗೆ ಇಳಿಯುವಾಗಲೂ ತೊಡೆಗೆ ಒಳ್ಳೆಯ ಕೆಲಸ ಸಿಗುತ್ತದೆ. ಕಾಲಲ್ಲಿ ಬಲ ಇದ್ದರೆ ಬೀಳುವ ಭಯ ಅರ್ಧ ಕಮ್ಮಿ.

ಮನಸ್ಸಿನ ವಿಷಯದಲ್ಲಿ ನಾನು ಹಟ ಹಿಡಿದು ಬಿಟ್ಟಿದ್ದು ಒಂದೇ ಮಾತು: ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ?’ ಆ ಮಾತು ನಾಲಿಗೆಗೆ ಬಂದಾಗೆಲ್ಲ ‘ಎಷ್ಟು ನಿಧಾನಕ್ಕೆ ಮಾಡಿದರೆ ಆಗುತ್ತೆ?’ ಅಂತ ಕೇಳಿಕೊಳ್ಳುತ್ತೇನೆ. ಇದು ಬರೀ ಸಮಾಧಾನದ ಮಾತಲ್ಲ. ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದನ್ನು ಅಮೆರಿಕದ ಸಂಶೋಧಕಿ ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದರು. ಭಾವನೆಯೊಂದೇ ಆಯಸ್ಸು ಕೊಟ್ಟಿತು ಅಂತ ಅಲ್ಲ. ಆದರೆ ‘ನನ್ನಿಂದ ಆಗುತ್ತೆ’ ಅಂದುಕೊಂಡವರು ನಡೆಯುತ್ತಾರೆ, ಮಾತ್ರೆ ಮರೆಯುವುದಿಲ್ಲ, ನಾಲ್ಕು ಜನರನ್ನು ಮಾತಾಡಿಸುತ್ತಾರೆ. ನನಗಂತೂ ಹಾಗೇ ಆಗಿದೆ. ಈಗ ಚಿಕ್ಕವರ ಹತ್ತಿರ ಹೊಸ ಕೆಲಸ ಕಲಿಯುತ್ತಿದ್ದೇನೆ. ಹೇಳಿಕೊಟ್ಟಿದ್ದನ್ನೇ ಮತ್ತೆ ಕೇಳುವುದಕ್ಕೆ ನನಗೆ ಸಂಕೋಚವೂ ಇಲ್ಲ.