ಪಿಟ್ಯುಟರಿ ಗಡ್ಡೆ ಕೇಸಿಗೆ ಓಸಿಟಿ: ಸರಾಸರಿ ನಂಬಿ ಎಡವಿದ ನನ್ನ ಅನುಭವ

ದಾವಣಗೆರೆಯ ನನ್ನ ಕಣ್ಣಿನ ಕ್ಲಿನಿಕ್ಕಿಗೆ ಸೆಕೆಂಡ್ ಹ್ಯಾಂಡ್ ಓಸಿಟಿ (ಕಣ್ಣಿನ ಒಳಪದರಗಳ ದಪ್ಪ ಅಳೆಯುವ ಸ್ಕ್ಯಾನ್ ಯಂತ್ರ) ತಂದಾಗ ಸುಮಾರು 19 ಲಕ್ಷ ಬಿತ್ತು. ಅದರಲ್ಲಿ 14 ಲಕ್ಷ ಸಾಲ. ಶುಗರ್ ರೆಟಿನಾ, ಗ್ಲಾಕೋಮಾ ನೋಡಿಯೇ ಕಂತು ಕಟ್ಟಬೇಕಿತ್ತು. ಪಿಟ್ಯುಟರಿ ಗಡ್ಡೆಯವರಿಗೂ (ಮೆದುಳಿನ ಬುಡದ ಗ್ರಂಥಿಯ ಗಡ್ಡೆ, ಬೆಳೆದರೆ ಕಣ್ಣಿನ ನರ ಒತ್ತುತ್ತದೆ) ಸ್ಕ್ಯಾನ್ ಮಾಡುತ್ತೇನೆ ಅಂದಾಗ ನ್ಯೂರೋಸರ್ಜನ್ ಗೆಳೆಯರು ಒಪ್ಪಲಿಲ್ಲ. "ಫೀಲ್ಡ್ ಟೆಸ್ಟ್ ಇದೆಯಲ್ಲ ಡಾಕ್ಟ್ರೇ, ಸುಮ್ನೆ ಯಾಕೆ ಖರ್ಚು?" ಅಂದರು. ಅಕ್ಕಪಕ್ಕ ಎಲ್ಲೆಲ್ಲಿ ಕಾಣುತ್ತದೆ ಅಂತ ನೋಡುವ ಪರೀಕ್ಷೆ ಅದು.

ಮೊದಲ ಏಳೆಂಟು ಕೇಸು ನಾನೇ ಕೆಡಿಸಿದೆ. ಡಿಸ್ಕ್ (ಕಣ್ಣಿನ ನರ ಹೊರಡುವ ಜಾಗ) ಸುತ್ತಲಿನ ನರಪದರ ಮಾತ್ರ ಅಳೆದು ಸರಾಸರಿ ನೋಡುತ್ತಿದ್ದೆ. ಒಬ್ಬರಿಗೆ 90 ಮೈಕ್ರಾನ್ ಹತ್ತಿರ ಬಂತು, ಯಂತ್ರ ಹಸಿರು ತೋರಿಸಿತು, ಅಂದರೆ ಸರಿಯಿದೆ ಅಂತ. ಫೀಲ್ಡ್ ನೋಡಿದರೆ ಎರಡೂ ಕಣ್ಣಲ್ಲಿ ಕಿವಿ ಕಡೆಯ ಅರ್ಧ ಕಪ್ಪು! ಮೂರು ಸಲ ಸ್ಕ್ಯಾನ್ ಮಾಡಿದೆ, ಮತ್ತೆ ಅದೇ. ಎರಡೂ ಕಣ್ಣಿನ ನರ ಕೂಡುವ ಜಾಗವಾದ ಕಯಾಸ್ಮದಲ್ಲಿ ಆಚೆ ಬದಿಗೆ ದಾಟುವ ನಾರುಗಳನ್ನೇ ಗಡ್ಡೆ ಒತ್ತುವುದು. ಅವು ಡಿಸ್ಕಿನ ಮೂಗಿನ ಕಡೆ, ಕಿವಿ ಕಡೆ ಜಾಸ್ತಿ ಸೇರುತ್ತವೆ. ಅಲ್ಲಿ ಪದರ ಮೊದಲೇ ತೆಳು. ಮೇಲೆ ಕೆಳಗಿನ ದಪ್ಪ ಕಟ್ಟುಗಳು ಉಳಿದುಕೊಂಡು ಸರಾಸರಿಯನ್ನು ಎತ್ತಿ ಹಿಡಿದಿದ್ದವು.

ಅಂದಿನಿಂದ ಮ್ಯಾಕ್ಯುಲಾದ (ರೆಟಿನಾದ ನಡುಭಾಗ) ಗ್ಯಾಂಗ್ಲಿಯನ್ ಪದರವನ್ನೇ, ಅಂದರೆ ಆ ನಾರುಗಳು ಹುಟ್ಟುವ ಜೀವಕೋಶಗಳ ಪದರವನ್ನೇ, ಮೊದಲು ನೋಡುತ್ತೇನೆ. ಅದರ ನಟ್ಟನಡುವಿನ ಫೋವಿಯಾದ ಮೇಲೆ ನೆಟ್ಟಗೆ ಗೆರೆ ಎಳೆದು ಮೂಗಿನ ಅರ್ಧ, ಕಿವಿಯ ಅರ್ಧ ಬೇರೆ ಬೇರೆ ಲೆಕ್ಕ ಹಾಕುತ್ತೇನೆ. ಕಿವಿ ಕಡೆಯ ನೋಟ ಹಿಡಿಯುವುದು ಮೂಗಿನ ಅರ್ಧವೇ, ಹಾಗಾಗಿ ಎರಡೂ ಕಣ್ಣಲ್ಲಿ ಅದು ತೆಳುವಾಗಿದ್ದರೆ ಗಡ್ಡೆಯ ಅನುಮಾನ. ಗ್ಲಾಕೋಮಾದ ಸವೆತ ಅಡ್ಡ ಗೆರೆ ಹಿಡಿಯುತ್ತದೆ, ಗಡ್ಡೆಯದು ಉದ್ದ ಗೆರೆ. ಯಂತ್ರದ ಕೆಂಪು ಹಸಿರನ್ನು ನಂಬಬೇಡಿ. ಜಾಸ್ತಿ ಮೈನಸ್ ನಂಬರ್ ಇರುವವರಿಗೆ ಏನೂ ಇಲ್ಲದೆಯೂ ಕೆಂಪು ಬರುತ್ತದೆ. ಪದರದ ಗೆರೆ ಸರಿ ಬಿದ್ದಿದೆಯಾ ಅಂತ ಪ್ರತಿ ಬಾರಿ ಕಣ್ಣಾರೆ ನೋಡಿ. ನನ್ನ ಯಂತ್ರದಲ್ಲಿ ಸಿಗ್ನಲ್ 6ಕ್ಕಿಂತ ಕಡಿಮೆ ಇದ್ದರೆ ಆ ಸ್ಕ್ಯಾನ್ ಎಸೆಯುತ್ತೇನೆ. ನೋಟ ನಿಲ್ಲಿಸಲಾಗದವರ ಕಣ್ಣನ್ನು ನಿಲ್ಲಿಸಲು ನನ್ನದೊಂದು ಉಪಾಯವಿದೆ. ಅದು ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಮಾತ್ರ.

ಹರಿಹರದ ಕಡೆಯ ಒಬ್ಬ ಟೈಲರ್ ಅಮ್ಮನಿಗೆ ಬೇರೆ ಕಡೆ ಎರಡು ವರ್ಷ ಗ್ಲಾಕೋಮಾ ಡ್ರಾಪ್ಸ್ ಹಾಕಿಸಿದ್ದರು. ತಿಂಗಳಿಗೆ ಆರೇಳುನೂರು ರೂಪಾಯಿ ಖರ್ಚು. ನನ್ನ ಸ್ಕ್ಯಾನಿನಲ್ಲಿ ಉದ್ದ ಗೆರೆ ಕತ್ತರಿಯಲ್ಲಿ ಕತ್ತರಿಸಿದಂತೆ ಕಂಡಿತು. ಅವತ್ತೇ ಎಮ್‌ಆರ್‌ಐಗೆ ಕಳಿಸಿದೆ. ಎರಡೂವರೆ ಸೆಂಟಿಮೀಟರ್ ಗಡ್ಡೆ. ಗಡ್ಡೆ ಹಿಡಿಯಲು ಡಿಸ್ಕಿನ ಸರಾಸರಿ ಸಾಲದು, ಆದರೆ ನೋಟ ಎಷ್ಟು ಮರಳೀತು ಅಂತ ಅಂದಾಜಿಸಲು ಅದೇ ಬೇಕು. ಅದು 85 ಮೈಕ್ರಾನ್ ಆಸುಪಾಸು ಇತ್ತು, ಪೂರ್ತಿ ಸವೆದಿರಲಿಲ್ಲ. "ಬೇಗ ತೆಗೆದರೆ ನೋಟ ಬಹಳಷ್ಟು ವಾಪಸ್ ಬರುತ್ತದೆ" ಅಂತ ಬರೆದುಕೊಟ್ಟೆ. ಸರ್ಜನ್ ತಲೆಯಾಡಿಸಿದರು, ನಂಬಲಿಲ್ಲ. ಮೂಗಿನ ಮೂಲಕ ಆಪರೇಷನ್ ಆಯಿತು. ಮೂರು ತಿಂಗಳಿಗೆ ಫೀಲ್ಡ್ ಹೆಚ್ಚುಕಡಿಮೆ ತುಂಬಿತ್ತು. ಈಗ ಆಪರೇಷನ್ ತಾರೀಖು ಕೊಡುವ ಮೊದಲು ಅವರೇ ಫೋನ್ ಮಾಡಿ ನನ್ನ ಶೀಟ್ ಕೇಳುತ್ತಾರೆ. ಇನ್ನೊಬ್ಬರಿಗೆ ಆ ಸರಾಸರಿ 62 ಬಂದಿತ್ತು. ಮನೆಯವರಿಗೆ ಮೊದಲೇ ಹೇಳಿದ್ದೆ, ಉಳಿದಿದ್ದನ್ನು ಉಳಿಸಿಕೊಳ್ಳೋಣ ಅಂತ. ಹಾಗೇ ಆಯಿತು. ಸುಮಾರು 75 ನನ್ನ ಅಂದಾಜಿನ ಗಡಿ. ಅದರ ಕೆಳಗೆ ಜಾಸ್ತಿ ಆಸೆ ಕೊಡುವುದಿಲ್ಲ.

ನಡುವೆ ಕೆಂಪು ಬಾಟಲಿ ಮುಚ್ಚಳವನ್ನು ನೋಟದ ಮೂಗಿನ ಕಡೆ, ಕಿವಿ ಕಡೆ ಎರಡೂ ಕಡೆ ಹಿಡಿದು ಬಣ್ಣ ಎಲ್ಲಿ ಮಾಸುತ್ತದೆ ಅಂತ ಕೇಳಿ, ಸ್ಕ್ಯಾನಿನ ಜೊತೆ ತಾಳೆ ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಸರಿ ಬಂತು. ಖರ್ಚಿಲ್ಲದ ಕೆಲಸ, ಹಳ್ಳಿ ಕ್ಯಾಂಪಿನಲ್ಲಿ ಈಗಲೂ ಮಾಡುತ್ತೇನೆ.

ಸ್ಕ್ಯಾನಿಗೆ 1,500 ತೆಗೆದುಕೊಳ್ಳುತ್ತೇನೆ. ಆಪರೇಷನ್ ಆದವರ ಮರು ಸ್ಕ್ಯಾನ್ ಉಚಿತ. ಆಗ ಪದರ ತೆಳುವಾಗಿಯೇ ಇರುತ್ತದೆ, ನೋಟ ಮರಳಿದ್ದರೂ. ಟೈಲರ್ ಅಮ್ಮ ಅದನ್ನು ನೋಡಿ ಗಾಬರಿಯಾದರು. ಫೀಲ್ಡ್ ಶೀಟ್ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆಯೇ ಅವರಿಗೆ ಸಮಾಧಾನ ಆಗಿದ್ದು.