ನಿಮ್ಮೂರಿನ ಮುಚ್ಚಿಹೋದ ರೈಲ್ವೆ ಸ್ಟೇಷನ್ ಹಿಸ್ಟರಿ ಹುಡುಕೋದು ಹೇಗೆ

ಸ್ಟೇಷನ್‌ಗಳು ಸಾಮಾನ್ಯವಾಗಿ ಒಂದೇ ದಿನ ಮುಚ್ಚಲ್ಲ. ಗೂಡ್ಸ್ ಬುಕಿಂಗ್ ನಿಲ್ಲುತ್ತೆ, ಆಮೇಲೆ ಸ್ಟೇಷನ್ ಮಾಸ್ಟರ್ ಇಲ್ಲ, ಹಾಲ್ಟ್ ಅಂತ ಮಾಡಿ ಕಮಿಷನ್ ಮೇಲೆ ಊರಲ್ಲೇ ಯಾರೋ ಟಿಕೆಟ್ ಕೊಡ್ತಿರ್ತಾರೆ, ಕೊನೆಗೆ ಗಾಡಿನೇ ಬರಲ್ಲ. ಅದಕ್ಕೇ ಮುಚ್ಚಿದ ಡೇಟ್ ಯಾವ್ದು ಅಂತ ಒಂದನ್ನೇ ಹಿಡ್ಕೊಂಡು ಕೂರಬೇಡಿ, ಈ ಒಂದೊಂದು ಹಂತನೂ ಬೇರೆ ಬೇರೆಯಾಗಿ ಹುಡುಕಿ.

ಮೊದಲು ಲೈನ್ ಯಾರದ್ದಾಗಿತ್ತು ನೋಡಿ. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ ಲೈನ್ ತಗೊಳ್ಳಿ. 1910ರ ದಶಕದಲ್ಲಿ ಬಂದಿದ್ದು, ನ್ಯಾರೋಗೇಜ್, ಅಂದ್ರೆ ಎರಡು ಹಳಿಗಳ ಮಧ್ಯೆ ಬರೀ ಎರಡೂವರೆ ಅಡಿ (762 ಮಿ.ಮೀ.) ಅಂತರ. 1951ರಲ್ಲಿ ಮೈಸೂರು ರೈಲ್ವೆ ಸದರ್ನ್ ರೈಲ್ವೆಗೆ ಸೇರ್ತು, 2003ರಿಂದ ಈ ಕಡೆ ಲೈನ್‌ಗಳು ಹುಬ್ಬಳ್ಳಿಯ ಸೌತ್ ವೆಸ್ಟರ್ನ್ ರೈಲ್ವೆಗೆ ಬಂದ್ವು. ಕೋಲಾರ-ಚಿಕ್ಕಬಳ್ಳಾಪುರ ಮಧ್ಯೆ ಬ್ರಾಡ್‌ಗೇಜ್ (ಅಗಲ ಹಳಿ) ಗಾಡಿ ಓಡಿದ್ದು 2013ರಲ್ಲಿ. ಯಜಮಾನರು ಇಷ್ಟು ಸಲ ಬದಲಾದ್ರೆ ಫೈಲೂ ಅಷ್ಟೇ ಕಡೆ ಚೆದುರಿರುತ್ತೆ, ಒಂದೇ ಆಫೀಸಲ್ಲಿ ಕೇಳಿ ಸುಮ್ನಾಗಬೇಡಿ.

ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದ್ರೆ ಹಳೇ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಲಿ ದಿವಾನರು ಮಾಡಿದ ಭಾಷಣಗಳನ್ನ ಕೇಳಿ, ರೈಲ್ವೆ ಖರ್ಚು, ಹೊಸ ಲೈನ್ ವಿಚಾರ ಅದರಲ್ಲಿ ಬರುತ್ತೆ. ಇಂಗ್ಲಿಷ್ ದಾಖಲೆಲಿ ಬಂಗಾರಪೇಟೆ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಆಗ ಅದು ಬೌರಿಂಗ್‌ಪೇಟೆ. ರಾಮನಗರ ಕ್ಲೋಸ್‌ಪೇಟೆ. ನಿಮ್ಮೂರಿನ ಹಳೇ ಸ್ಪೆಲ್ಲಿಂಗ್‌ಗಳನ್ನೆಲ್ಲ ಮೊದ್ಲೇ ಬರ್ಕೊಂಡು ಹೋಗಿ.

ಹಳಿ ಕಿತ್ತಿದ್ರೂ ಜಾಗ ಸುಳ್ಳು ಹೇಳಲ್ಲ. ಗ್ರಾಮ ನಕ್ಷೆ ತೆಗೆದು ನೋಡಿ, ಹೊಲಗಳ ಮಧ್ಯೆ ರಿಬ್ಬನ್ ತರ ಉದ್ದಕ್ಕೆ, ಸಣ್ಣಗೆ ಒಂದು ಪಟ್ಟಿ ಹೋಗಿದ್ರೆ ಅದೇ ಲೈನ್ ಇರಬಹುದು, ಅದು ಸ್ವಲ್ಪ ದೂರ ಅಗಲ ಆಗಿದ್ರೆ ಅಲ್ಲೇ ಸ್ಟೇಷನ್ ಯಾರ್ಡ್ ಇದ್ದಿರಬಹುದು. ಪಹಣಿಲಿ ಆ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಅಂತ ಚೆಕ್ ಮಾಡಿ. ಕಟ್ಟಡ ಉಳಿದಿದ್ರೆ ಟಿಕೆಟ್ ಕೌಂಟರ್ ಕಿಂಡಿ, ಬೋರ್ಡ್ ಮೇಲೆ ಊರಿನ ಹೆಸರಿನ ಕೆಳಗೆ ಬರೆದಿರೋ ಸಮುದ್ರಮಟ್ಟದ ಎತ್ತರ, ಎಲ್ಲಾ ಫೋಟೋ ತೆಗೀರಿ. ಗಾಡಿ ಓಡ್ತಿರೋ ಹಳಿ ಮೇಲೆ ಮಾತ್ರ ಹೋಗಬೇಡಿ, ಅದು ಕೇಸ್ ಆಗುತ್ತೆ.

ಅಜ್ಜ ಅಜ್ಜಿಯರ ಹತ್ರ ಇಸವಿ ಕೇಳಬೇಡಿ ದಯವಿಟ್ಟು, ಪಾಪ ಏನೋ ಒಂದು ಹೇಳ್ಬಿಡ್ತಾರೆ. "ಗಾಡಿಗೆ ಏನು ತುಂಬ್ತಿದ್ರಿ, ಸಂತೆಗೆ ಹೋಗೋಕೆ ಎಷ್ಟೊತ್ತಿಗೆ ಬರ್ತಿತ್ತು, ನಿಮ್ ಮದ್ವೆ ಆದಾಗ ಓಡ್ತಿತ್ತಾ" ಅಂತ ಕೇಳಿ. ಟ್ರಂಕಲ್ಲಿ ಹಳೇ ರಟ್ಟಿನ ಟಿಕೆಟ್ ಇದ್ಯಾ ಅಂತನೂ ಕೇಳಿ. ಅದರ ಅಂಚಲ್ಲಿ ಒತ್ತಿರೋ ತಾರೀಖು ಓದೋಕಾದ್ರೆ ಆ ದಿನ ಟಿಕೆಟ್ ಕೊಡ್ತಿದ್ರು ಅನ್ನೋದಕ್ಕೆ ಸಾಕ್ಷಿ.

ಕೊನೆಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. "ಯಾಕೆ ಮುಚ್ಚಿದ್ರಿ" ಅಂತ ಬರೆದ್ರೆ ಉಪಯೋಗ ಇಲ್ಲ, ಸ್ಟೇಷನ್ ಹೆಸರು, ಲೈನ್ ಹೆಸರು ಹಾಕಿ ಮುಚ್ಚುವ ಆದೇಶದ ಕಾಪಿ ಕೊಡಿ ಅಂತ ಬರೀರಿ. "ದಾಖಲೆ ಲಭ್ಯವಿಲ್ಲ" ಅಂತ ಬಂದ್ರೆ ಮೊದಲನೇ ಅಪೀಲಿಗೆ 30 ದಿನ ಟೈಮ್ ಇರುತ್ತೆ.