ಜೀಬ್ರಾಮೀನಿನ ಬಾಲ ಮತ್ತೆ ಬೆಳೆಯುವುದನ್ನು ಗಮನಿಸುವುದು ಹೇಗೆ?

ಜೀಬ್ರಾಮೀನಿನ ಅಂಗ ಮತ್ತೆ ಬೆಳೆಯುವುದನ್ನು ನೋಡಬೇಕೆಂದರೆ ಹೃದಯದ ಪ್ರಯೋಗ ಆಮೇಲೆ ಇರಲಿ, ಮೊದಲು ಬಾಲದಿಂದ, ಅಂದರೆ ಬಾಲದ ರೆಕ್ಕೆಯಿಂದ, ಶುರು ಮಾಡಿ. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಬ್ಲೇಡ್ ಮುಟ್ಟುವಂತಿಲ್ಲ. ಅರಿವಳಿಕೆಗೆ ಟ್ರೈಕೇನ್. ಅದು ನೀರನ್ನು ಆಮ್ಲೀಯ ಮಾಡುತ್ತದೆ, ಹಾಗಾಗಿ ಬಫರ್ ಹಾಕಿ ಪಿಎಚ್ 7ರ ಹತ್ತಿರ ತಂದ ಮೇಲೇ ಮೀನು ಬಿಡಿ. ಬಾಲ ಮೆಲ್ಲಗೆ ಚಿವುಟಿದರೂ ಅಲುಗದೆ, ಕಿವಿರು ಮಾತ್ರ ಆಡುತ್ತಿದ್ದರೆ ಹೊಸ ಬ್ಲೇಡಿನಿಂದ ಆ ರೆಕ್ಕೆಯನ್ನು ಒಂದೇ ಸಲಕ್ಕೆ ನೇರವಾಗಿ ಕತ್ತರಿಸಿ, ತಕ್ಷಣ 28 ಡಿಗ್ರಿಯ ಶುದ್ಧ ನೀರಿಗೆ ಬಿಡಿ.

ಎಲ್ಲಿ ಕತ್ತರಿಸುತ್ತೀರಿ ಅನ್ನುವುದೇ ಮುಖ್ಯ. ಬುಡಕ್ಕೆ ಹತ್ತಿರವಾದಷ್ಟೂ ಬಾಲ ಬೇಗ ಬೆಳೆಯುತ್ತದೆ, ಒಂದೊಂದು ಮೀನಿಗೆ ಒಂದೊಂದು ಕಡೆ ಕತ್ತರಿಸಿದರೆ ಹೋಲಿಸುವುದಾದರೂ ಹೇಗೆ, ಅಲ್ವಾ? ರೆಕ್ಕೆಯೊಳಗಿನ ಎಲುಬಿನ ಕಡ್ಡಿಗಳು ಕವಲೊಡೆಯುವ ಜಾಗವನ್ನೇ ಗುರುತು ಇಟ್ಟುಕೊಳ್ಳಿ.

ಒಂದು ದಿನದೊಳಗೆ ಗಾಯದ ಮೇಲೆ ಚರ್ಮ ಮುಚ್ಚುತ್ತದೆ. ಎರಡನೇ ದಿನ ಅಂಚಿನಲ್ಲಿ ಬಣ್ಣವಿಲ್ಲದ ತೆಳು ಪಟ್ಟಿ ಕಾಣುತ್ತದೆ, ಹೊಸ ಅಂಗಾಂಶ ಕಟ್ಟುವ ಬ್ಲಾಸ್ಟೀಮಾ ಇರುವುದು ಅಲ್ಲೇ. ಸುಮಾರು ಎರಡು ವಾರ ಒಂದೇ ಅಳತೆಯಲ್ಲಿ ಫೋಟೋ ತೆಗೆಯುತ್ತಿರಿ.